ಮನೆಶಾಲೆ: ಬಳಕೆದಾರರ ಕೈಪಿಡಿ

ಮಿಕ್ಸಿ ಕೊಂಡರೆ ಜೊತೆಗೊಂದು ಕೈಪಿಡಿ ಬರುತ್ತದೆ. ಅದನ್ನು ಯಾರೂ ಓದುವುದಿಲ್ಲ ಎಂಬುದು ಬೇರೆ ಮಾತು. ಕೆಟ್ಟ ದಿನ ಹುಡುಕಾಡುವುದಕ್ಕಾದರೂ ಒಂದು ಇರುತ್ತದೆ. ಮಗುವನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತೇವೆ ಎಂದು ಹೊರಟವರಿಗೆ ಅಷ್ಟೂ ಇಲ್ಲ. ಆ ಕೊರತೆ ನೀಗಲೆಂದು ಇದನ್ನು ಸಿದ್ಧಪಡಿಸಲಾಗಿದೆ. ಬಳಸುವ ಮುನ್ನ ಪೂರ್ತಿ ಓದಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ನೇರವಾಗಿ ‘ದೋಷ ಮತ್ತು ಪರಿಹಾರ’ಕ್ಕೆ ಹೋಗಿ, ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಅಲ್ಲೇ.

1. ಪೆಟ್ಟಿಗೆಯಲ್ಲಿ ಏನೇನಿದೆ

ಮಗು: ಒಂದು. ಗಾತ್ರ, ಗಲಾಟೆ, ಹಟ ಮಾದರಿಯಿಂದ ಮಾದರಿಗೆ ಬದಲಾಗಬಹುದು. ಅಪ್ಪ, ಅಮ್ಮ: ಇದ್ದಷ್ಟು. ಅಜ್ಜಿ: ದಾಸ್ತಾನು ಇದ್ದರೆ ಮಾತ್ರ, ಇದ್ದವರು ಪುಣ್ಯವಂತರು. ಬ್ಯಾಟರಿ ಬೇಕಿಲ್ಲ. ಮಗುವಿನ ಬ್ಯಾಟರಿ ಮುಗಿಯುವುದೇ ಇಲ್ಲ, ನಿಮ್ಮದು ಮಧ್ಯಾಹ್ನದ ಹೊತ್ತಿಗೇ ಮುಗಿದಿರುತ್ತದೆ.

ಪೆಟ್ಟಿಗೆಯಲ್ಲಿ ಇಲ್ಲದ್ದು: ಬೆಲ್ಲು, ಯೂನಿಫಾರ್ಮು, ವ್ಯಾನಿನ ಹಾರ್ನು, ಪೇರೆಂಟ್ಸ್ ಮೀಟಿಂಗು, ಮತ್ತು ಬೆಳಿಗ್ಗೆ ಎಂಟರಿಂದ ಮೂರರವರೆಗೆ ಮನೆಯಲ್ಲಿರುತ್ತಿದ್ದ ಆ ನಿಶ್ಶಬ್ದ. ಕೊನೆಯದರ ಬಿಡಿಭಾಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ.

ಗಮನಿಸಿ: 2020ರಲ್ಲಿ ನಿಮ್ಮ ಮನೆಯಲ್ಲಿ ಓಡಿದ್ದು ಈ ಯಂತ್ರವಲ್ಲ. ಅದು ಶಾಲೆಯೇ ಮೊಬೈಲಿನೊಳಗೆ ತೂರಿಕೊಂಡು ಮನೆಗೆ ಬಂದದ್ದು. ಆ ಅನುಭವದ ಮೇಲೆ ಇದನ್ನು ಹೊಗಳುವುದೂ ಬೇಡ, ಬಯ್ಯುವುದೂ ಬೇಡ.

2. ಸುರಕ್ಷತಾ ಸೂಚನೆ

ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆ ಆದದ್ದು 2009ರಲ್ಲಿ, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. 6ರಿಂದ 14 ವರ್ಷದ ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಎಂದು ಅದು ಹೇಳುತ್ತದೆ. ಸೇರಿಸದ ತಂದೆ ತಾಯಿಗೆ ಆ ಕಾಯ್ದೆಯಲ್ಲಿ ದಂಡ ಇಲ್ಲ; ಮನೆಯಲ್ಲಿ ಕಲಿಸುವವರ ಬಗ್ಗೆ ಮಾತೂ ಇಲ್ಲ. ಅಂದರೆ ನೀವು ನಿಂತಿರುವುದು ಕಾನೂನು ಬಾಯಿ ಬಿಡದ ಜಾಗದಲ್ಲಿ. ಅಲ್ಲಿ ನಿಂತು ದೊಡ್ಡ ಬೋರ್ಡು ಹಾಕಿಕೊಳ್ಳಬೇಡಿ. ಮಗು ಓದಿದ್ದು, ಬರೆದದ್ದು, ನೋಡಿ ಬಂದದ್ದು ಎಲ್ಲಕ್ಕೂ ತಾರೀಖು ಹಾಕಿ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಯಾರಾದರೂ ಅಧಿಕಾರಿ ಕೇಳಿದರೆ ತೋರಿಸಬಹುದು. ಯಾರೂ ಕೇಳದಿದ್ದರೂ ‘ಏನೂ ಆಗುತ್ತಿಲ್ಲ’ ಎಂದು ನಿಮಗೇ ಅನ್ನಿಸಿದ ರಾತ್ರಿ ತೆಗೆದು ನೋಡಲು ಬೇಕಾಗುತ್ತದೆ.

3. ಜೋಡಣೆ

ಹೊಸಬರು ಮಾಡುವ ಮೊದಲ ಕೆಲಸ ಕರಿಹಲಗೆ ತರುವುದು. ಆಮೇಲೆ ಮೇಜು, ಗೋಡೆಗೆ ಭಾರತದ ಭೂಪಟ, ಬಣ್ಣಬಣ್ಣದ ವೇಳಾಪಟ್ಟಿ. ಒಂಬತ್ತಕ್ಕೆ ಗಣಿತ, ಒಂಬತ್ತೂ ಮುಕ್ಕಾಲಿಗೆ ಇಂಗ್ಲಿಷು. ಸೋಮವಾರ ಎಲ್ಲ ಸರಿಯಾಗಿ ನಡೆಯುತ್ತದೆ. ಮಂಗಳವಾರ ಗ್ಯಾಸಿನವನು ಬರುತ್ತಾನೆ. ಬುಧವಾರ ಊರಿಂದ ಚಿಕ್ಕಮ್ಮ ಬರುತ್ತಾರೆ. ಗುರುವಾರ ವೇಳಾಪಟ್ಟಿಯ ಹಿಂಬದಿಯಲ್ಲಿ ದಿನಸಿ ಚೀಟಿ ಬರೆದಿರುತ್ತೀರಿ.

ಶಾಲೆ ಬೇಡವೆಂದು ಬಿಡಿಸಿ, ಅದೇ ಶಾಲೆಯನ್ನು ಹಾಲಿನಲ್ಲಿ ಕಟ್ಟುವುದು ಈ ಯಂತ್ರ ಕೆಡಲು ಮುಖ್ಯ ಕಾರಣ. ಶಾಲೆಗಳೇ ಎಲ್ಲಿಗೆ ಬಂದಿವೆ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಶುರುವಾದ ನಲಿ-ಕಲಿಯಲ್ಲಿ ಪುಟ್ಟ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತಾರೆ. ಸರ್ಕಾರವೇ ಬೆಂಚು ಎತ್ತಿ ಪಕ್ಕಕ್ಕಿಟ್ಟಿರುವಾಗ ನೀವು ಮನೆಗೆ ಬೆಂಚು ತರುವುದು ಯಾವ ನ್ಯಾಯ?

4. ಚಾಲನೆ

ದಿನಕ್ಕೆ ಒಂದು ಗಂಟೆ, ಹೆಚ್ಚೆಂದರೆ ಎರಡು, ಕೂತು ಕಲಿಯುವ ಕೆಲಸ. ಮಗ್ಗಿ, ಒತ್ತಕ್ಷರ, ಕೈಬರಹ ಇವು ಯಾವ ಮಗುವಿಗೂ ಗಾಳಿಯಲ್ಲಿ ತೇಲಿ ಬರುವುದಿಲ್ಲ. ‘ಆಡ್ತಾ ಆಡ್ತಾ ಎಲ್ಲ ಬಂದುಬಿಡುತ್ತೆ’ ಎನ್ನುವವರ ಮಕ್ಕಳಿಗೆ ಆಟ ಚೆನ್ನಾಗಿ ಬಂದಿರುತ್ತದೆ. ಉಳಿದ ಹೊತ್ತು ಮಗುವನ್ನು ನಿಮ್ಮ ಕೆಲಸಗಳಿಗೆ ಜೊತೆಗೆ ಕರೆದುಕೊಂಡು ಹೋಗಿ.

ಉದಾಹರಣೆಗೆ, ತಳ್ಳುಗಾಡಿಯಲ್ಲಿ ಈರುಳ್ಳಿ ಕೊಳ್ಳುವಾಗ ತಕ್ಕಡಿಯ ಬಟ್ಟನ್ನು ಮಗುವಿನ ಕೈಗೆ ಕೊಡಿಸಿ. ಅದು ಮೊದಲು ಮಾಡುವ ಕೆಲಸ ತಲೆಕೆಳಗೆ ತಿರುಗಿಸಿ ನೋಡುವುದು. ಕಬ್ಬಿಣದ ಬಟ್ಟಿನ ತಳದಲ್ಲಿ ಒಂದು ಗುಂಡಿ, ಗುಂಡಿಯ ತುಂಬ ಬೂದುಬಣ್ಣದ ಇನ್ನೊಂದು ಲೋಹ, ಅದರ ಮೇಲೆ ಒತ್ತಿದ ಅಕ್ಷರಗಳು. ‘ಇದೇನು?’ ಗಾಡಿಯಾಕೆ ಹೇಳುತ್ತಾಳೆ: ‘ಸೀಲು ಕಣಪ್ಪಾ. ಆಫೀಸಿನೋರು ಹೊಡೀತಾರೆ. ಇಲ್ದಿದ್ರೆ ದಂಡ ಹಾಕ್ತಾರೆ.’ ಆ ಬೂದು ಲೋಹ ಸೀಸ. ಬಟ್ಟಿನ ತೂಕವನ್ನು ಕರಾರುವಾಕ್ಕಾಗಿ ಹೊಂದಿಸಲು ತುಂಬಿದ್ದು. ಕಬ್ಬಿಣಕ್ಕಿಂತ ಸೀಸ ಭಾರ, ಆದ್ದರಿಂದ ಚಿಕ್ಕ ಗುಂಡಿ ಸಾಕು. ಮೆತ್ತಗಿರುವುದರಿಂದ ಮುದ್ರೆ ಒತ್ತಬಹುದು, ಯಾರಾದರೂ ಕೆರೆದು ತೆಗೆದರೆ ಗೊತ್ತಾಗಿಬಿಡುತ್ತದೆ. ಮುದ್ರೆ ಕಾನೂನು ಮಾಪನಶಾಸ್ತ್ರ ಇಲಾಖೆಯದು. ಅರ್ಧ ಕೆಜಿ ಈರುಳ್ಳಿಯಲ್ಲಿ ವಿಜ್ಞಾನ, ಕಾನೂನು, ವ್ಯಾಪಾರದ ನಿಯತ್ತು ಮೂರೂ ಬಂದವು. ಚಿಲ್ಲರೆ ಎಣಿಸಿ ತೆಗೆದುಕೊಂಡರೆ ಗಣಿತವೂ ಆಯಿತು.

ಎಚ್ಚರಿಕೆ: ಮನೆಗೆ ಬಂದ ತಕ್ಷಣ ‘ತೂಕ ಮತ್ತು ಅಳತೆ’ ಎಂದು ತಲೆಬರಹ ಹಾಕಿ ಹತ್ತು ಪ್ರಶ್ನೆಗಳಿಗೆ ಉತ್ತರ ಬರೆಸಬೇಡಿ. ಹಾಗೆ ಮಾಡಿದರೆ ಮಗು ಮುಂದಿನ ಸಲ ಬಟ್ಟನ್ನು ತಿರುಗಿಸಿ ನೋಡುವುದಿಲ್ಲ.

5. ಬಾಹ್ಯ ಒತ್ತಡಗಳಿಂದ ರಕ್ಷಣೆ

ಲಿಫ್ಟಿನಲ್ಲಿ ಸಿಗುವ ಅಂಕಲ್: ‘ಯಾವ ಸ್ಕೂಲು ಪುಟ್ಟಾ?’
ಮಗು: ‘ಮನೇಲೇ.’
ಅಂಕಲ್ ನಿಮ್ಮ ಕಡೆ ತಿರುಗಿ, ದನಿ ತಗ್ಗಿಸಿ: ‘ಹುಷಾರಿಲ್ವಾ?’

ಇಂಥಲ್ಲಿ ನಗುವುದನ್ನು ಅಭ್ಯಾಸ ಮಾಡಿಕೊಳ್ಳಿ. ಮದುವೆಮನೆಗಳಲ್ಲಿ ಒತ್ತಡ ಇನ್ನೂ ಜಾಸ್ತಿ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ದೊಡ್ಡಪ್ಪ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ‘ಎಲ್ಲಿ, ಹದಿಮೂರರ ಮಗ್ಗಿ ಹೇಳು ನೋಡೋಣ’ ಎನ್ನುತ್ತಾರೆ. ಶಾಲೆಗೆ ಹೋಗುವ ಅವರ ಸ್ವಂತ ಮೊಮ್ಮಗನನ್ನು ಯಾರೂ ಕೇಳುವುದಿಲ್ಲ. ಅವನು ತಪ್ಪಿದರೆ ಮಗುವಿನ ತಪ್ಪು, ನಿಮ್ಮದು ತಪ್ಪಿದರೆ ಪದ್ಧತಿಯ ತಪ್ಪು. ಆ ಕ್ಷಣಕ್ಕೆ ಮಗುವಿನ ಪರವಾಗಿ ನೀವೇ ‘ಹದಿಮೂರೇಳು ತೊಂಬತ್ತೊಂದು’ ಎಂದು ಬಾಯಿ ಹಾಕಬೇಡಿ. ಊಟ ಮಾಡಿ.

ವಾದ ಮಾಡಲೇಬೇಕು ಅನ್ನಿಸಿದರೆ ಶಿವರಾಮ ಕಾರಂತರ ಹೆಸರು ಹೇಳಬಹುದು. ಕನ್ನಡದ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬರೆದ ಕಾರಂತರು ತಮ್ಮ ಮಕ್ಕಳನ್ನು ಚಿಕ್ಕಂದಿನಲ್ಲಿ ಶಾಲೆಗೆ ಹಾಕದೆ ಪುತ್ತೂರಿನ ಮನೆಯಲ್ಲೇ ಕಲಿಯಲು ಬಿಟ್ಟರು. ಅವರ ಮಗ ಉಲ್ಲಾಸ ಕಾರಂತರು ಮುಂದೆ ಹುಲಿಗಳ ಅಧ್ಯಯನದಿಂದ ಜಗತ್ತಿಗೆ ಪರಿಚಿತರಾದರು. ಆದರೆ ದೊಡ್ಡಪ್ಪ ‘ಅಲ್ಲಿ ಅಪ್ಪ ಕಾರಂತರಾಗಿದ್ರು ಕಣಯ್ಯಾ’ ಎಂದುಬಿಟ್ಟರೆ ಅದಕ್ಕೆ ಉತ್ತರ ಈ ಕೈಪಿಡಿಯಲ್ಲಿಲ್ಲ.

6. ದೋಷ ಮತ್ತು ಪರಿಹಾರ

ದೋಷ: ಮಗು ‘ಬೋರಾಗ್ತಿದೆ’ ಎನ್ನುತ್ತಿದೆ.
ಕಾರಣ: ಯಂತ್ರ ಸರಿಯಾಗಿಯೇ ಇದೆ.
ಪರಿಹಾರ: ಮೊಬೈಲು ಕೊಡಬೇಡಿ. ಸ್ವಲ್ಪ ಹೊತ್ತು ಬಿಡಿ. ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆ ಕೆಳಗಿಳಿದು ಬಸ್ಸಾಗುತ್ತದೆ, ಕಂಡಕ್ಟರು ಟಿಕೆಟ್ ಹರಿಯಲು ನಿಮ್ಮ ವಿದ್ಯುತ್ ಬಿಲ್ಲನ್ನೇ ಎತ್ತಿಕೊಳ್ಳುತ್ತಾನೆ. ಬಿಲ್ಲು ಮೊದಲೇ ಎತ್ತಿಡಿ.

ದೋಷ: ಅಮ್ಮ ಹನ್ನೊಂದು ಗಂಟೆಗೇ ಬಿಸಿಯಾಗುತ್ತಿದ್ದಾರೆ, ಸದ್ದೂ ಹೆಚ್ಚು.
ಕಾರಣ: ಒಂದೇ ಮೋಟಾರಿಗೆ ನಾಲ್ಕು ಕೆಲಸ. ಹೆಡ್ಮಿಸ್ಸು, ಅಡುಗೆಯವರು, ಆಯಾ, ಜವಾನ ಎಲ್ಲ ಅವರೇ. ಅಪ್ಪ ಮಾತ್ರ ಆಡಳಿತ ಮಂಡಳಿಯ ಅಧ್ಯಕ್ಷರು. ಭಾನುವಾರ ಬಂದು ‘ಈ ವಾರ ಏನೇನು ಕಲಿಸಿದೆ?’ ಎಂದು ವರದಿ ಕೇಳುತ್ತಾರೆ.
ಪರಿಹಾರ: ಅಧ್ಯಕ್ಷರನ್ನು ಕೂಡಲೇ ವಜಾ ಮಾಡಿ, ಸಹ ಶಿಕ್ಷಕರಾಗಿ ನೇಮಿಸಿಕೊಳ್ಳಿ. ವಿಷಯ ಹಂಚಿಕೊಂಡರೆ ಸಾಲದು, ಪಾತ್ರೆಯನ್ನೂ ಹಂಚಿಕೊಳ್ಳಬೇಕು. ಮನೆಶಾಲೆಗೆ ಫೀಜಿಲ್ಲ ಎಂದು ಹಿಗ್ಗುವ ಮುನ್ನ ಒಬ್ಬರ ಸಂಬಳ ನಿಂತಿರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆ ಒಬ್ಬರು ಯಾರು ಎಂಬುದನ್ನು ಇಬ್ಬರೂ ಕೂತು ತೀರ್ಮಾನಿಸಿದಿರೋ, ಅಥವಾ ಅದು ತನ್ನಷ್ಟಕ್ಕೆ ತೀರ್ಮಾನವಾಗಿಬಿಟ್ಟಿತೋ ಎಂದು ಒಮ್ಮೆ ಕೇಳಿಕೊಳ್ಳಿ.

ದೋಷ: ಮಗು ಅಪ್ಪ ಅಮ್ಮ ಹೇಳಿದರೆ ಕೇಳುವುದಿಲ್ಲ, ಪಕ್ಕದ ಮನೆಯವರು ಹೇಳಿದರೆ ಕೇಳುತ್ತದೆ.
ಕಾರಣ: ಎಲ್ಲ ಮಾದರಿಗಳಲ್ಲೂ ಇರುವ ಲಕ್ಷಣ.
ಪರಿಹಾರ: ಜಗಳವಾಡದೆ ಪಕ್ಕದ ಮನೆಗೇ ಕಳಿಸಿ. ಬ್ಯಾಂಕಿನಿಂದ ನಿವೃತ್ತರಾದವರು ಬಡ್ಡಿ ಲೆಕ್ಕ ಹೇಳಿಕೊಡಲಿ, ಮೇಲಿನ ಮನೆಯ ಟೈಲರಮ್ಮ ಅಳತೆಪಟ್ಟಿ ಹಿಡಿಯುವುದನ್ನು ಕಲಿಸಲಿ. ಅವರ ಮನೆಯ ಪೋರನಿಗೆ ನೀವು ಕನ್ನಡ ಓದಿಸಿ, ಬಾಕಿ ತೀರುತ್ತದೆ.

ದೋಷ: ಮಗುವಿಗೆ ಓರಗೆಯ ಗೆಳೆಯರಿಲ್ಲ.
ಕಾರಣ: ಇದು ನಿಜವಾದ ದೋಷ. ದೊಡ್ಡವರ ಜೊತೆ ಚೆನ್ನಾಗಿ ಮಾತಾಡುತ್ತಾನೆ ಎಂದು ಹೆಮ್ಮೆಪಟ್ಟು ಮುಚ್ಚಿಹಾಕಬೇಡಿ. ಜಗಳವಾಡಿ ಟೂ ಬಿಟ್ಟು ಮಾರನೆಯ ದಿನ ರಾಜಿಯಾಗಲು ತನ್ನ ವಯಸ್ಸಿನವರೇ ಬೇಕು.
ಪರಿಹಾರ: ಸಂಜೆಯ ಮೈದಾನ ತಪ್ಪಿಸಬೇಡಿ. ಹನ್ನೊಂದು ಜನ ಬೇಕಾಗುವ ಆಟ ಆಡಿಸಿ. ಗ್ರಂಥಾಲಯಕ್ಕೆ ಸೇರಿಸಿ, ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಸದಸ್ಯತ್ವ ಉಚಿತ. ಮನೆಯಲ್ಲಿ ಕಲಿಸುವ ಇನ್ನೆರಡು ಮನೆಗಳನ್ನು ಹುಡುಕಿಕೊಳ್ಳಿ. ಒಂಟಿಯಾಗಿ ಓಡಿಸಲು ತಯಾರಾದ ಯಂತ್ರ ಇದಲ್ಲ.

7. ಆನಂದಕ್ಕೆ ಗುಂಡಿ ಎಲ್ಲಿದೆ?

ಪ್ರತ್ಯೇಕ ಗುಂಡಿ ಕೊಟ್ಟಿಲ್ಲ. ‘ಇವತ್ತು ಖುಷಿಯಾಗಿ ಕಲಿಯೋಣ’ ಎಂದು ಬೆಳಿಗ್ಗೆ ಘೋಷಿಸಿದ ದಿನ ಸಾಯಂಕಾಲದೊಳಗೆ ಒಬ್ಬರು ಅತ್ತಿರುತ್ತಾರೆ. ಅದು ಹೇಳದೆ ಕೇಳದೆ ಬರುತ್ತದೆ, ಬಂದಾಗ ನೀವು ಅಲ್ಲಿರುತ್ತೀರಿ ಎಂಬುದಷ್ಟೇ ಈ ಯಂತ್ರದ ಹೆಚ್ಚುಗಾರಿಕೆ.

ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಆಗಸ್ಟಿನಲ್ಲಿ ಮೋಡ ಬಿಡಬೇಕು, ಏಪ್ರಿಲ್ ನಂಬಬಹುದು. ಹನ್ನೆರಡು ಗಂಟೆಗೆ ತಾರಸಿಗೆ ಹೋಗಿ ಒಂದು ಸ್ಟೀಲ್ ಲೋಟ ಬೋರಲು ಹಾಕಿ ಕೂತುಕೊಳ್ಳಿ. ನೆರಳು ಒಂದು ಬದಿಯಲ್ಲಿ ತೆಳ್ಳಗೆ ಅಂಟಿಕೊಂಡಿರುತ್ತದೆ. ಹನ್ನೆರಡೂಕಾಲು ದಾಟುವ ಹೊತ್ತಿಗೆ ಅದು ಲೋಟದಡಿ ಸೇರಿ ಇಲ್ಲವಾಗುತ್ತದೆ. ‘ನೆರಳೂ ಊಟಕ್ಕೆ ಹೋಯ್ತೇನೋ’ ಎಂದು ಅಜ್ಜಿ ಮೆಟ್ಟಿಲ ಬಳಿಯಿಂದಲೇ ಹೇಳುತ್ತಾರೆ. ಮಗು ನಗುವುದಿಲ್ಲ. ಲೋಟ ಎತ್ತಿ ನೋಡಿ, ಮತ್ತೆ ಇಟ್ಟು, ಕೇಳುತ್ತದೆ: ‘ಧಾರವಾಡದಲ್ಲಿ ಅತ್ತೆ ಮನೇಲೂ ಇವತ್ತೇ ಹಿಂಗಾಗುತ್ತಾ?’ ಇಲ್ಲ. ಧಾರವಾಡ ಉತ್ತರಕ್ಕಿದೆ, ಅಲ್ಲಿ ಮೇ ಮೊದಲ ವಾರ. ‘ಹಂಗಾದ್ರೆ ಡೆಲ್ಲೀಲಿ?’ ದೆಹಲಿ ಕರ್ಕಾಟಕ ವೃತ್ತದ ಆಚೆಗಿದೆ, ಅಲ್ಲಿ ಯಾವತ್ತೂ ಆಗುವುದಿಲ್ಲ. ಇಷ್ಟು ಹೊತ್ತಿಗೆ ಭೂಪಟ ತನ್ನಷ್ಟಕ್ಕೆ ಗೋಡೆಯಿಂದ ಕೆಳಗಿಳಿದಿರುತ್ತದೆ. ಅಂಗಾಲು ಸುಟ್ಟರೂ ತಾರಸಿ ಬಿಟ್ಟು ಬರಲು ಯಾರೂ ತಯಾರಿರುವುದಿಲ್ಲ. ಆನಂದ ಎಂದರೆ ಇಷ್ಟೇ. ತಿಂಗಳಿಗೆ ಒಂದೆರಡು ಸಲ ಸಿಕ್ಕರೆ ಯಂತ್ರ ಚೆನ್ನಾಗಿ ಓಡುತ್ತಿದೆ ಎಂದು ತಿಳಿಯಿರಿ.

8. ಪರೀಕ್ಷೆ

‘ಸರ್ಟಿಫಿಕೇಟಿಗೆ ಏನು ಮಾಡ್ತೀರಿ?’ ಎಂದು ಕೇಳುವವರಿಗೆ ಉತ್ತರ 1989ರಿಂದಲೇ ಇದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹತ್ತನೆಯ ತರಗತಿಗೆ 14 ವರ್ಷ ತುಂಬಿದವರು ನೋಂದಾಯಿಸಿಕೊಳ್ಳಬಹುದು. ಐದು ವಿಷಯ ಪಾಸಾಗಬೇಕು. ಐದು ವರ್ಷದಲ್ಲಿ ಒಂಬತ್ತು ಅವಕಾಶ. ಎಲ್ಲ ವಿಷಯ ಒಟ್ಟಿಗೇ ಬರೆಯಬೇಕೆಂದಿಲ್ಲ. ಮಾರ್ಚಿನಲ್ಲಿ ಡುಮ್ಕಿ ಹೊಡೆದು ಬೇಸಿಗೆಯೆಲ್ಲ ನೆಂಟರಿಂದ ತಲೆಮರೆಸಿಕೊಂಡಿದ್ದ ತಲೆಮಾರಿನವರು ಇದನ್ನು ಕೇಳಿ ಹೊಟ್ಟೆಕಿಚ್ಚುಪಡಬಹುದು.

9. ವಾರಂಟಿ ಮತ್ತು ವಾಪಸಾತಿ

ವಾರಂಟಿ ಇಲ್ಲ. ಮನೆಯಲ್ಲಿ ಕಲಿತ ಮಗು ವಿಜ್ಞಾನಿಯೇ ಆಗುತ್ತದೆ, ಒಳ್ಳೆಯವನೇ ಆಗುತ್ತಾನೆ ಎಂದು ತಯಾರಕರು ಭರವಸೆ ಕೊಡುವುದಿಲ್ಲ. ಶಾಲೆಗಳೂ ಕೊಡುವುದಿಲ್ಲ, ಜಾಹೀರಾತಿನಲ್ಲಿ ಮಾತ್ರ ಕೊಡುತ್ತವೆ.

ವಾಪಸಾತಿ ಮಾತ್ರ ಸುಲಭ. ಮೇಲೆ ಹೇಳಿದ ಕಾಯ್ದೆಯ 4ನೆಯ ಸೆಕ್ಷನ್ ಪ್ರಕಾರ ಆರು ದಾಟಿಯೂ ಶಾಲೆಗೆ ಸೇರದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. ಬಾಗಿಲು ತೆರೆದೇ ಇದೆ. ಆದ್ದರಿಂದ ವರ್ಷಕ್ಕೊಮ್ಮೆ, ಶಾಲೆಗಳು ಶುರುವಾಗುವ ಮುನ್ನ, ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿ: ‘ಈ ವರ್ಷ ಸ್ಕೂಲಿಗೆ ಹೋಗ್ತೀಯಾ?’ ಬೇಡ ಎಂದರೆ ಇನ್ನೊಂದು ವರ್ಷ ಓಡಿಸಿ. ಹೋಗ್ತೀನಿ ಎಂದರೆ ಭಾಷಣ ಮಾಡದೆ ಬ್ಯಾಗು ಕೊಡಿಸಿ ಕಳಿಸಿ. ಅದು ನಿಮ್ಮ ಸೋಲೂ ಅಲ್ಲ, ದೊಡ್ಡಪ್ಪನ ಗೆಲುವೂ ಅಲ್ಲ. ಈ ಪ್ರಶ್ನೆ ಕೇಳಲು ಧೈರ್ಯ ಸಾಲದವರು ದಯವಿಟ್ಟು ಪೆಟ್ಟಿಗೆ ಬಿಚ್ಚಲೇಬೇಡಿ.