ಮತೋತ್ತರ ಸಂಚಾರ ಮೀಮಾಂಸೆ: ಗುರ್ಜರ ತ್ರಿನಗರಿಗಳನ್ನು ಆಧರಿಸಿದ ಒಂದು ಅಂತರ್‌ಶಿಸ್ತೀಯ ಅಧ್ಯಯನ

ವಿಷಯ ಪ್ರವೇಶ

ಚುನಾವಣೆ ಮುಗಿದು ಬೆರಳಿನ ಶಾಯಿ ಮಾಸುವ ಹೊತ್ತಿಗೆ ನಗರಗಳಲ್ಲಿ ಒಂದು ಜಿಜ್ಞಾಸೆ ಅಂಕುರಿಸುತ್ತದೆ: ಬೊಕ್ಕಸದ ಹಣವನ್ನು ಬಸ್ಸು-ಮೆಟ್ರೊಗೆ ಹಾಕುವುದೋ, ರಸ್ತೆ-ಮೇಲ್ಸೇತುವೆಗೆ ಸುರಿಯುವುದೋ? ಇದರ ಚರ್ಚೆ ಹವಾನಿಯಂತ್ರಿತ ಸಭಾಂಗಣದಲ್ಲಿ, ಗೋಡಂಬಿ ತಟ್ಟೆಯ ಸನ್ನಿಧಿಯಲ್ಲೇ ನಡೆಯತಕ್ಕದ್ದೆಂಬುದು ಶಾಸ್ತ್ರಸಮ್ಮತ. ವಿದ್ವಾಂಸನು ಕಾರಿನಲ್ಲೇ ಬಂದಿರಬೇಕು. ಬಸ್ಸಿನಲ್ಲಿ ಬಂದವನ ಅಭಿಪ್ರಾಯ ಸ್ವಾನುಭವದಿಂದ ಕಲುಷಿತವಾಗಿರುವುದರಿಂದ ಅದಕ್ಕೆ ವಸ್ತುನಿಷ್ಠತೆ ಇಲ್ಲ. ಪ್ರಸ್ತುತ ಪ್ರಬಂಧವು ಅಹಮದಾಬಾದ್, ವಡೋದರಾ, ಸೂರತ್‌ಗಳ ಬಹುಸ್ತರೀಯ ಸಮಗ್ರ ಸುಸ್ಥಿರ ಗತಿಶೀಲತೆಯನ್ನು ಈ ಚೌಕಟ್ಟಿನೊಳಗೆ ಪರಾಮರ್ಶಿಸುತ್ತದೆ.

ಲಕ್ಷಣ ನಿರೂಪಣೆ

ರಸ್ತೆಗೆ ಹಾಕಿದ ಹಣಕ್ಕೆ ಹೂಡಿಕೆ ಎಂದು ಹೆಸರು. ಬಸ್ಸಿಗೆ ಹಾಕಿದ್ದಕ್ಕೆ ನಷ್ಟ ಎಂದು ಹೆಸರು. ಅಹಮದಾಬಾದಿನ ನಗರಸಾರಿಗೆ ಎಎಂಟಿಎಸ್ 1947ರ ಏಪ್ರಿಲ್ 1ರಂದು ಹುಟ್ಟಿತು; ಅಂದರೆ ಸ್ವಾತಂತ್ರ್ಯಕ್ಕಿಂತ ನಾಲ್ಕೂವರೆ ತಿಂಗಳು ಹಿರಿಯದು. ಲಾಲ್ ದರ್ವಾಜಾದಿಂದ ಹೊರಡುವ ಈ ಕೆಂಪು ಬಸ್ಸುಗಳನ್ನು ಪಾಲಿಕೆ ಸಾಲ ಕೊಟ್ಟು ಸಾಕುತ್ತಿದೆ, ಬಜೆಟ್ಟಿನ ಹೊತ್ತಿಗೆ ನಷ್ಟದ ಮಾತು ಏಳುತ್ತದೆ. ಅದೇ ಊರಿನ ಮೇಲ್ಸೇತುವೆಯೊಂದನ್ನು ಯಾರಾದರೂ ನಿಲ್ಲಿಸಿ, “ಏನಪ್ಪಾ, ಈ ವರ್ಷ ಎಷ್ಟು ದುಡಿದೆ?” ಎಂದು ಕೇಳಿದ ದಾಖಲೆ ಈ ಸಂಶೋಧಕನಿಗೆ ಸಿಕ್ಕಿಲ್ಲ.

ಮುಹೂರ್ತ ನಿರ್ಣಯ

ಅಹಮದಾಬಾದ್ ಮೆಟ್ರೊದ ಮೊದಲ ತುಣುಕು, ಸುಮಾರು ಆರೂವರೆ ಕಿಲೊಮೀಟರ್, 2019ರ ಮಾರ್ಚ್ 4ರಂದು ಉದ್ಘಾಟನೆಯಾಯಿತು. ಲೋಕಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 10ಕ್ಕೆ. ಸೂರತ್ ಮೆಟ್ರೊದ ಭೂಮಿಪೂಜೆ 2021ರ ಜನವರಿ 18ರಂದು. ಪಾಲಿಕೆ ಚುನಾವಣೆಯ ದಿನಾಂಕ ಹೊರಬಿದ್ದದ್ದು ಜನವರಿ 23ಕ್ಕೆ. ಅಹಮದಾಬಾದಿಗೆ ಮತ್ತಷ್ಟು ಮೆಟ್ರೊ ಬಂದದ್ದು 2022ರ ಸೆಪ್ಟೆಂಬರ್ 30ರಂದು. ವಿಧಾನಸಭಾ ಚುನಾವಣೆಯ ದಿನಾಂಕ ಘೋಷಣೆಯಾದದ್ದು ನವೆಂಬರ್ 3ಕ್ಕೆ. ಆ ಚುನಾವಣೆಯ ಫಲಿತಾಂಶ ಡಿಸೆಂಬರ್ 8ರಂದು ಬಂತು, 182ರಲ್ಲಿ 156 ಸ್ಥಾನ ಆಳುವ ಪಕ್ಷಕ್ಕೆ. ಅದೇ ಡಿಸೆಂಬರ್ 25ರಂದು, ಮೆಟ್ರೊವೂ ಇಲ್ಲದ, ಬಸ್ಸಿಗೇ ಮೀಸಲಾದ ಬಿಆರ್‌ಟಿಎಸ್ ಪಥವೂ ಇಲ್ಲದ ವಡೋದರಾಕ್ಕೆ ಅಟಲ್ ಸೇತುವೆ ದೊರಕಿತು: ಮೂರೂವರೆ ಕಿಲೊಮೀಟರ್, ಆಗ ರಾಜ್ಯದಲ್ಲೇ ಅತಿ ಉದ್ದದ್ದೆನಿಸಿದ ಮೇಲ್ಸೇತುವೆ.

ಇದರಿಂದ ನಿಷ್ಪನ್ನವಾಗುವ ಪ್ರಮೇಯ: ಮೆಟ್ರೊ ಮತಪೂರ್ವ ಫಲ, ಮೇಲ್ಸೇತುವೆ ಮತೋತ್ತರ ಫಲ. ಮೆಟ್ರೊ ಗಾಂಧಿನಗರದ ಕಡೆಗೆ ಚಾಚಿದ್ದು 2024ರ ಸೆಪ್ಟೆಂಬರಿನಲ್ಲಿ, ಅಂದರೆ ಲೋಕಸಭೆಯ ಫಲಿತಾಂಶ ಬಂದ ಮೇಲಲ್ಲವೇ ಎಂದು ಆಕ್ಷೇಪಿಸುವವರಿಗೆ ಉತ್ತರ: ಪ್ರಮೇಯಕ್ಕೆ ಒಗ್ಗದ ಸಂಗತಿಯನ್ನು ಅಪವಾದವೆಂದು ಕರೆದು ಮುಂದೆ ಹೋಗುವುದು ನಮ್ಮ ವಿಶ್ವವಿದ್ಯಾಲಯಗಳ ಪರಂಪರೆ.

ಸಂಚಾರಿ ಪ್ರಭೇದಗಳು

ಸಂಚಾರಿಗಳಲ್ಲಿ ಹನ್ನೊಂದು ಪ್ರಭೇದ.

ಒಂದು, ಉಪರಿಗಾಮಿ. ಮೆಟ್ರೊದಲ್ಲೋ ಮೇಲ್ಸೇತುವೆಯ ಮೇಲೋ ಹೋಗುವವನು. ಕೆಳಗಿನ ಊರು ಅವನಿಗೆ ಬರಿಯ ದೃಶ್ಯ.

ಎರಡು, ಮಧ್ಯಗಾಮಿ. ರಸ್ತೆಯ ನಡುವೆ ಬೇಲಿ ಹಾಕಿದ ಬಿಆರ್‌ಟಿಎಸ್ ಪಥದಲ್ಲಿ ಸಾಗುವವನು. 2009ರ ಅಕ್ಟೋಬರಿನಲ್ಲಿ ಆರಂಭವಾದ ಅಹಮದಾಬಾದಿನ ಜನಮಾರ್ಗ ಮರುವರ್ಷವೇ ಸುಸ್ಥಿರ ಸಾರಿಗೆಯ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆಯಿತು. ಸೂರತ್ತಿನ ಜಾಲ ನೂರು ಕಿಲೊಮೀಟರ್ ದಾಟಿತು. ಈ ಪ್ರಭೇದಕ್ಕೆ ಒಂದು ಉಪಜಾತಿಯುಂಟು: ಬಸ್ಸಿನ ಪಥಕ್ಕೆ ನುಗ್ಗುವ ಕಾರಿನವನು. ಸಾರ್ವಜನಿಕ ಸಾರಿಗೆಯಲ್ಲಿ ಅವನಿಗಿರುವ ಶ್ರದ್ಧೆ ಅಷ್ಟು ಗಾಢ.

ಮೂರು, ಅಡ್ಡಗಾಮಿ. ಆ ನಡುಪಥದ ಬಸ್ಸನ್ನು ಹಿಡಿಯಲು ಅರ್ಧ ರಸ್ತೆ ದಾಟಬೇಕಾದವಳು. ನಿಲ್ದಾಣ ರಸ್ತೆಯ ನಡುವೆ, ಅವಳು ರಸ್ತೆಯ ಅಂಚಿಗೆ. ವಾಹನಗಳು ನಿಲ್ಲುವುದಿಲ್ಲ, ಅವಳು ಕೈ ಚಾಚಿಕೊಂಡು ಓಡುತ್ತಾಳೆ. ಯೋಜನಾ ವರದಿಗಳು ಇದಕ್ಕೆ ‘ಅಂತಿಮ ಹಂತದ ಸಂಪರ್ಕ’ ಎನ್ನುತ್ತವೆ. ಕೆಲವೊಮ್ಮೆ ಅದು ಅಕ್ಷರಶಃ ಅಂತಿಮ.

ನಾಲ್ಕು, ಸೂರತ್ತಿನ ಶಟಲ್ ರಿಕ್ಷಾದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಮಗ್ಗದ ಪಾಳಿಗೆ ಹೋಗುವವನು. ಉಳಿದ ಏಳನ್ನು ಓದುಗರು ತಾವೇ ಊಹಿಸಿಕೊಳ್ಳಬೇಕಾಗಿ ವಿನಂತಿ. ಪ್ರಭೇದ ಹೆಚ್ಚಿದರೆ ಬಸ್ಸು ಹೆಚ್ಚುವುದಿಲ್ಲ.

ಪಾಠಾಂತರ

ರಸ್ತೆಯದು ಹೂಡಿಕೆ, ಬಸ್ಸಿನದು ನಷ್ಟ ಎಂಬ ಇದೇ ಸಿದ್ಧಾಂತ ಕನ್ನಡದ ಪ್ರತಿಯಲ್ಲೂ ದೊರೆಯುತ್ತದೆ. 2023ರ ಚುನಾವಣೆಯ ಬೆನ್ನಿಗೇ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದಾಗ ಅದನ್ನು ಬಿಟ್ಟಿ ಭಾಗ್ಯ ಎಂದು ಮೂದಲಿಸಿದವರಿಗೆ, ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸಾವಿರಾರು ಕೋಟಿಯ ಸುರಂಗ ರಸ್ತೆ ಎಂದಾಗ ಬಿಟ್ಟಿ ಎಂಬ ಪದ ನೆನಪಿಗೆ ಬರಲಿಲ್ಲ.

ಸಿದ್ಧಾಂತ

ಇಲ್ಲಿ ಬಹುಆಯಾಮೀಯ ಹೂಡಿಕಾ ಸಮತೋಲನದ ಬಗ್ಗೆ ಒಂದು ಕೋಷ್ಟಕ ಬರಬೇಕಿತ್ತು. ಬೇಡ.

ಅಹಮದಾಬಾದಿನ ಹಾಟಕೇಶ್ವರದಲ್ಲಿ ಸುಮಾರು 40 ಕೋಟಿ ಕೊಟ್ಟು ಕಟ್ಟಿದ ಮೇಲ್ಸೇತುವೆ 2017ರಲ್ಲಿ ತೆರೆಯಿತು, 2022ರಲ್ಲಿ ಮುಚ್ಚಿತು. ಕಾಂಕ್ರೀಟೇ ಕಳಪೆ. ವಡೋದರಾ ಜಿಲ್ಲೆಯ ಪಾದ್ರಾ ತಾಲ್ಲೂಕನ್ನು ಆಣಂದ್ ಕಡೆಗೆ ಜೋಡಿಸುವ, ಮಹಿ ನದಿಯ ಗಂಭೀರಾ ಸೇತುವೆ 1985ರದು. ಅದು ಅಪಾಯದಲ್ಲಿದೆ ಎಂದು ಜಿಲ್ಲಾ ಪಂಚಾಯ್ತಿ ಸದಸ್ಯರೊಬ್ಬರು 2022ರಲ್ಲೇ ದೂರಿದ್ದರು. 2025ರ ಜುಲೈ 9ರ ಬೆಳಿಗ್ಗೆ ಅದು ಮುರಿದು, ವಾಹನಗಳು ನದಿಗೆ ಬಿದ್ದು, ಕನಿಷ್ಠ 20 ಜನ ಸತ್ತರು. ಮುರಿದ ಅಂಚಿಗೆ ಸಿಕ್ಕಿಕೊಂಡ ಟ್ಯಾಂಕರನ್ನು ಇಳಿಸುವುದಕ್ಕೂ ಮೂರು ವಾರಕ್ಕಿಂತ ಹೆಚ್ಚು ಹಿಡಿಯಿತು.

ಸತ್ತವರು ರಸ್ತೆಯ ಪಕ್ಷವೋ, ಬಸ್ಸಿನ ಪಕ್ಷವೋ?

ನಾವು ವರ್ಷಗಟ್ಟಲೆ ಕಟ್ಟಿಕೊಂಡು ಬಂದ ಈ ಚರ್ಚೆಯೇ ಸುಳ್ಳು. ಆಳುವವರಿಗೆ ರಸ್ತೆಯ ಮೇಲೂ ಪ್ರೀತಿಯಿಲ್ಲ, ರೈಲಿನ ಮೇಲೂ ಇಲ್ಲ; ಇರುವುದು ಟೇಪಿನ ಮೇಲೆ. ಟೇಪು ಕತ್ತರಿಸಲು ಬರುವ ಯಾವುದಕ್ಕೂ ಹಣವುಂಟು. ಹಳೆಯ ಸೇತುವೆಯ ಬೇರಿಂಗ್ ಬದಲಿಸಿದರೆ ಯಾರು ಬಂದು ದೀಪ ಹಚ್ಚುತ್ತಾರೆ? ಬಸ್ಸು ಹತ್ತು ನಿಮಿಷಕ್ಕೊಂದರಂತೆ ವರ್ಷವಿಡೀ ತಪ್ಪದೆ ಬಂದರೆ ಅದಕ್ಕೆಲ್ಲಿ ಶಿಲಾಫಲಕ ನೆಡುವುದು? ಕೆಟ್ಟುಹೋಗುವ ಮುನ್ನ ರಿಪೇರಿ ಮಾಡಿದ್ದು ಯಾವ ಫೋಟೊದಲ್ಲೂ ಕಾಣುವುದಿಲ್ಲ. ನಾವು ಕೂಡ ಹೊಸದನ್ನು ಕೇಳಿ ಓಟು ಹಾಕುತ್ತೇವೆ, ಹಳೆಯದನ್ನು ಕೇಳಿ ಹಾಕುವುದಿಲ್ಲ.

ಮುಂದಿನ ವಿಚಾರಸಂಕಿರಣಕ್ಕೆ ಕರೆ ಬಂದರೆ ಹೋಗುತ್ತೇನೆ. ಪ್ರಬಂಧ ಮಂಡಿಸುವುದಿಲ್ಲ. ಈ ವರ್ಷ ಯಾವ ಯಾವ ಸೇತುವೆಯನ್ನು, ಯಾರು, ಯಾವ ದಿನ ಪರೀಕ್ಷಿಸಿದರು, ಏನು ಬರೆದರು, ಬರೆದದ್ದನ್ನು ಯಾರು ಓದಿದರು ಎಂದಷ್ಟೇ ಕೇಳುತ್ತೇನೆ. ಉತ್ತರ ಬರುವವರೆಗೆ ಗೋಡಂಬಿ ಯಾರೂ ಮುಟ್ಟಬಾರದು.