ಕೀಲಿಕೈ ಕೊಟ್ಟು ಹೋಗುವ ಗಿಡದ ಯಜಮಾನರು

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಗಿಡದ ಯಜಮಾನರಿಗೆ ಬರವಿಲ್ಲ. ನಿವೃತ್ತಿಯಾಗಿರುತ್ತದೆ, ಬಾಲ್ಕನಿ ತುಂಬ ಕುಂಡಗಳಿರುತ್ತವೆ, ಮಗ ಅಮೆರಿಕದಲ್ಲಿರುತ್ತಾನೆ. ಜನವರಿ, ಆಗಸ್ಟ್ ತಿಂಗಳಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ತಪ್ಪದೆ ಹೋಗುತ್ತಾರೆ, "ಈ ಸಲ ಏನೂ ಚೆನ್ನಾಗಿಲ್ಲ" ಎನ್ನುತ್ತಲೇ ನಾಲ್ಕು ಸಸಿ ಹೊತ್ತು ತರುತ್ತಾರೆ. ಬೇರೆಯವರ ಗಿಡದಲ್ಲಿ ಒಣಗಿದ ಎಲೆ ಕಂಡರೆ ಕೇಳದೆ ಕಿತ್ತುಹಾಕುತ್ತಾರೆ. ಇಷ್ಟರಮಟ್ಟಿಗೆ ಇವರಿಂದ ಯಾರಿಗೂ ತೊಂದರೆಯಿಲ್ಲ.

ತೊಂದರೆ ಶುರುವಾಗುವುದು ಮಗ ಟಿಕೆಟ್ ಕಳಿಸಿದಾಗ. ಆರು ತಿಂಗಳು ಅಲ್ಲಿ. ಕೀಲಿಕೈ ಎದುರು ಮನೆಗೆ. ಜೊತೆಗೆ ನಾಲ್ಕಾಗಿ ಮಡಚಿದ ಒಂದು ಪಟ್ಟಿ.

ಪಟ್ಟಿಯಲ್ಲಿ ತಪ್ಪು ಹುಡುಕುವ ಹಾಗಿಲ್ಲ, ಅದೇ ಕಷ್ಟ. ತುಳಸಿಗೂ ಮಲ್ಲಿಗೆಗೂ ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ. ಕರಿಬೇವಿಗೆ ಮೇಲಿನ ಮಣ್ಣು ಒಣಗಿದ ಮೇಲೆ. ಕಾಗದದ ಹೂವಿನ ಗಿಡವನ್ನು ಸ್ವಲ್ಪ ಒಣಗಿಸಿಯೇ ಇಡಬೇಕು, ನೀರು ಹೆಚ್ಚಾದರೆ ಹೂವಿಲ್ಲದೆ ಬರೀ ಸೊಪ್ಪಾಗುತ್ತದೆ. ಲೋಳೆಸರ, ಕಳ್ಳಿ ತಮ್ಮ ಮೈಯಲ್ಲೇ ನೀರು ಕೂಡಿಟ್ಟುಕೊಳ್ಳುವುದರಿಂದ ಎರಡು ವಾರಕ್ಕೊಮ್ಮೆ ಸಾಕು. ಜರೀಗಿಡದ ಮಣ್ಣು ಮಾತ್ರ ಎಂದೂ ಆರಕೂಡದು. ಮಣ್ಣಿನ ಕುಂಡ ಬೇಗ ಒಣಗುತ್ತದೆ, ಪ್ಲಾಸ್ಟಿಕ್ಕಿನದು ತಡವಾಗಿ; ಆದ್ದರಿಂದ ಮೇಲೆ ಬರೆದದ್ದನ್ನೇ ನಂಬಿ ಕೂರಬಾರದು ಎಂದು ಕೊನೆಯಲ್ಲಿ ಕೆಂಪು ಶಾಯಿಯ ಷರಾ. ಎದುರು ಮನೆಯವರು ಸ್ವಂತಕ್ಕೆ ಪ್ಲಾಸ್ಟಿಕ್ ಹೂ ಇಟ್ಟುಕೊಂಡು ಅದರ ಧೂಳೊರೆಸುವುದನ್ನೂ ಮರೆಯುವ ಜನ ಎಂಬುದು ಯಜಮಾನರಿಗೆ ಗೊತ್ತಿಲ್ಲವೆಂದಲ್ಲ. ಗೊತ್ತಿರುವುದರಿಂದಲೇ ಫೋನು.

ಇಲ್ಲಿ ಬೆಳಿಗ್ಗೆ ಏಳು ಗಂಟೆ, ಒಲೆಯ ಮೇಲೆ ಹಾಲು. ನ್ಯೂಜೆರ್ಸಿಯಲ್ಲಿ ಹಿಂದಿನ ರಾತ್ರಿ ಒಂಬತ್ತೂವರೆ. ವಿಡಿಯೊ ಕಾಲ್ ಬರುತ್ತದೆ.

"ದಾಸವಾಳದ ಹತ್ರ ಹಿಡೀರಿ. ಇನ್ನೂ ಹತ್ರ. ಎಲೆ ಯಾಕೆ ಹಳದಿ?"

"ನೀರು ಕಮ್ಮಿ ಆಯ್ತೇನೋ ಸಾರ್. ಇನ್ನೊಂದು ಮಗ್ ಹಾಕ್ತೀನಿ."

"ಅಯ್ಯೋ, ಹಾಕ್ಬೇಡ್ರೀ! ಮಣ್ಣೊಳಗೆ ಬೆರಳಿಡಿ. ಎರಡನೇ ಗೆಣ್ಣಿನ ತನಕ. ಈಗ ತೆಗೀರಿ, ಕ್ಯಾಮೆರಾಗೆ ತೋರಿಸಿ."

ಬೆರಳಿಗೆ ಹಸಿಮಣ್ಣು ಮೆತ್ತಿರುತ್ತದೆ. ಪಾಠ ಶುರು: ಮಣ್ಣಿನ ಸಂದಿಯಲ್ಲೆಲ್ಲ ನೀರೇ ನಿಂತರೆ ಬೇರಿಗೆ ಗಾಳಿ ಸಿಗುವುದಿಲ್ಲ, ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರೆಳೆಯಲಾರದೆ ಗಿಡ ಬಾಯಾರಿದ ಹಾಗೆಯೇ ಬಾಡುತ್ತದೆ. ಬಾಡಿದ್ದು ಕಂಡು ಮತ್ತೆ ನೀರು ಸುರಿದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿರುತ್ತದೆ.

2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿದಾಗ ಎದುರು ಮನೆಯಲ್ಲಿ ಒಳಗೊಳಗೇ ಹಬ್ಬ. ಸುದ್ದಿ ನ್ಯೂಜೆರ್ಸಿಗೆ ಮೊದಲೇ ಮುಟ್ಟಿತ್ತು. "ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಚೆಲ್ಬೇಡಿ, ಅದು ಇನ್ನೂ ಒಳ್ಳೇದು." ಆ ಬೇಸಿಗೆಯಿಡೀ ಯಜಮಾನರ ಮಲ್ಲಿಗೆಯ ಸಲುವಾಗಿ ಎದುರು ಮನೆಯವರು ಬಸ್ಸಾರು ಉಂಡರು.

ಆದರೂ ಫೋನು ಎತ್ತದೆ ಇರಲಾಗುವುದಿಲ್ಲ. ಅಲ್ಲಿ ಮಗ ಸೊಸೆ ಕೆಲಸಕ್ಕೆ ಹೊರಟರೆ ಸಂಜೆಯವರೆಗೆ ಮಾತಿಗೆ ಜನವಿಲ್ಲ. ಕಾರಿಲ್ಲದೆ ಹಾಲು ತರಲೂ ಆಗದು. ಮೊಮ್ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಹಿತ್ತಲಿನ ಹುಲ್ಲಿಗಾದರೂ ನೀರು ಬಿಡೋಣವೆಂದರೆ ಹೊತ್ತಿಗೆ ಸರಿಯಾಗಿ ಯಂತ್ರವೇ ಚಿಮ್ಮಿಸಿ ಸುಮ್ಮನಾಗುತ್ತದೆ. ಅವರನ್ನು ಕೇಳಿ ನಡೆಯುವುದು ಈ ಬಾಲ್ಕನಿಯೊಂದೇ.

ಮರಳಿ ಬಂದ ದಿನ ಸೂಟ್‌ಕೇಸು ಬಾಗಿಲಲ್ಲೇ ಬಿಟ್ಟು ಬಾಲ್ಕನಿಗೆ ಹೋಗುತ್ತಾರೆ. ಸಂಜೆ ಎದುರು ಮನೆಗೆ ಒಂದು ಪೊಟ್ಟಣ ಚಾಕೊಲೇಟು, ಒಂದು ಮಾತು: "ಎಲ್ಲ ಚೆನ್ನಾಗಿ ನೋಡ್ಕೊಂಡಿದೀರಿ. ದಾಸವಾಳ ಮಾತ್ರ ಸ್ವಲ್ಪ ಇಳಿದುಹೋಗಿದೆಯಲ್ಲ?" ಕೀಲಿಕೈ ಇಸಿದುಕೊಳ್ಳುವವರು ಅಂದೇ ಪ್ರತಿ ಕುಂಡದ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು, ತಾರೀಕು ಕಾಣುವ ಹಾಗೆ.