ಆ ಹನ್ನೆರಡು ಸೈನಿಕರು

ಬಟ್ಟೆ ಒಣಗಹಾಕ್ತಾನೇ ಕೇಳ್ರೀ, ಕೆಲಸ ಬಿಡೋದೇನೂ ಬೇಡ. ನಿನ್ನೆ ಸಂಜೆ ನಿಮ್ಮ ಮಗಳು ಇದೇ ಕಾಂಪೌಂಡಿಗೆ ಒರಗಿ ನಿಂತಿದ್ಲಲ್ಲ, ಅವಳಿಗೊಂದು ಲೆಕ್ಕ ಕೊಟ್ಟೆ. 1,128 ಜನ ಸೈನಿಕರು, ಒಂದು ಬಸ್ಸಿಗೆ 36 ಜನ, ಎಷ್ಟು ಬಸ್ಸು ಬೇಕು? ಏಳನೇ ಕ್ಲಾಸಿನವಳಿಗೆ ಇದೇನು ಮಹಾ ಅಂತೀರಾ? ತಾಳಿ.

ಇದು ನನ್ನ ಲೆಕ್ಕ ಅಲ್ಲ. 1980ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ 13 ವರ್ಷದ ಮಕ್ಕಳ ಮುಂದೆ ಇಟ್ಟದ್ದು, ದೇಶಮಟ್ಟದ ಪರೀಕ್ಷೆಯಲ್ಲಿ. ನೂರಕ್ಕೆ 70 ಮಕ್ಕಳು ಭಾಗಾಕಾರ ಸರಿಯಾಗೇ ಮಾಡಿದ್ರು. ಆದ್ರೆ 32 ಬಸ್ಸು ಅಂದವರು ಬರೀ 23. ಸುಮಾರು 29 ಜನ ‘31, ಶೇಷ 12’ ಅಂತ ಬರೆದು ಕೈತೊಳಕೊಂಡ್ರು. ಶೇಷ ಹನ್ನೆರಡು ಅನ್ನೋ ಬಸ್ಸನ್ನ ಯಾರಾದ್ರೂ ಹತ್ತಿದ್ದಾರೇನ್ರೀ? ಇನ್ನು 18 ಜನ 31 ಸಾಕು ಅಂದು ಆ ಹನ್ನೆರಡು ಸೈನಿಕರನ್ನ ನಡುದಾರಿಯಲ್ಲಿ ಬಿಟ್ಟರಂತೆ. ಹಾಗಂತ ಪಂಡಿತರ ತಕರಾರು.

ನಿಮ್ಮವಳೂ 31 ಸಾಕು ಅಂದ್ಲು. ‘ಮತ್ತೆ ಆ ಹನ್ನೆರಡು ಜನ?’ ಅಂದೆ. ‘ಡ್ರೈವರ್ ಪಕ್ಕ ಬಾನೆಟ್ ಮೇಲೆ ಕೂರ್ತಾರೆ ಆಂಟಿ. 31 ಬಸ್ಸಿಗೆ ಹಂಚಿದ್ರೆ ಬಸ್ಸಿಗೆ ಒಬ್ಬರಿಗಿಂತ ಜಾಸ್ತಿ ಆಗೋದೇ ಇಲ್ವಲ್ಲ!’ ಅಂದ್ಲು. ನಾನು ಸುಮ್ಮನಿದ್ದದ್ದು ನೋಡಿ ಇನ್ನೊಂದು ಬಿಟ್ಳು: ‘ಬಾನೆಟ್ ಬೇಡ ಅಂದ್ರೆ ಒಂದು ಟೆಂಪೋ ಟ್ರಾವೆಲರ್ ಮಾಡ್ಲಿ. ಹನ್ನೆರಡು ಜನಕ್ಕೆ ಇಡೀ ಬಸ್ಸು ದಂಡ.’

ನೋಡಿ, ಅಮೆರಿಕದ ತಪ್ಪು ಉತ್ತರವನ್ನ ನಮ್ಮೂರ ಬಸ್ಸು ಸರಿ ಮಾಡಿಬಿಡ್ತು! ಆದ್ರೆ ನೋಟ್‌ಬುಕ್ ಕೈಗೆ ಕೊಟ್ಟಾಗ ಇದೇ ಹುಡುಗಿ ‘31, ಶೇಷ 12’ ಅಂತ ಬರೆದು ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಎಳೆದಳು. ಯಾಕೆ ಅಂದ್ರೆ ‘ಮಿಸ್ಸು ಸ್ಟೆಪ್ಸ್ ಕೇಳ್ತಾರೆ’. ಅವಳಿಗೆ ಲೆಕ್ಕ ಬರಲ್ಲ ಅಂತ ನೀವು ಟ್ಯೂಷನ್ ಹುಡುಕ್ತಿದ್ದೀರಿ. ನನ್ನ ಕೇಳಿದ್ರೆ ಆ ದುಡ್ಡಿಗೆ ಒಂದು ಸೀರೆ ತಗೊಳ್ಳಿ. ಲೆಕ್ಕ ಅವಳಿಗೆ ಚೆನ್ನಾಗೇ ಬರತ್ತೆ, ಬಾಯಿ ಬಿಡೋಕೆ ಕ್ಲಾಸಿನಲ್ಲಿ ಅಪ್ಪಣೆ ಇಲ್ಲ, ಅಷ್ಟೇ.

ಜಪಾನಿನಲ್ಲಿ ಶಿಮಾಡ ಅಂತ ಒಬ್ಬರು, 1970ರ ಸುಮಾರಿಗೇ ಲೆಕ್ಕದ ಕ್ಲಾಸಿನಲ್ಲಿ ಮಕ್ಕಳ ಬಾಯಿ ಬಿಡಿಸೋದರ ಹಿಂದೆ ಬಿದ್ದಿದ್ದರು. ಒಂದೇ ಉತ್ತರ ಇರೋ ಲೆಕ್ಕವನ್ನೇ ಬದಿಗಿಟ್ಟು ಗೋಲಿ ಹಿಡಿದ್ರು. ಮೂರು ಮಕ್ಕಳು ಐದೈದು ಗೋಲಿ ಎಸೀತಾರೆ. ಯಾರ ಗೋಲಿ ಕಡಿಮೆ ಚದುರಿದೆಯೋ ಅವರು ಗೆದ್ದ ಹಾಗೆ. ಸರಿ, ಚದುರಿದ್ದನ್ನ ಅಳೆಯೋದು ಹೇಗೆ? ಅದನ್ನ ಮೇಷ್ಟ್ರು ಹೇಳೋದಿಲ್ಲ, ಮಕ್ಕಳೇ ಹೇಳಬೇಕು.

ನಾನಂತೂ ಬಿಡಲಿಲ್ಲ, ನಿಮ್ಮಿಬ್ಬರು ಮಕ್ಕಳನ್ನೂ ಅಂಗಳಕ್ಕೆ ಕರೆದು ಗೋಲಿ ಕೊಟ್ಟೆ. ಅಂಚಿನ ಗೋಲಿಗಳನ್ನ ಗೆರೆ ಎಳೆದು ಸೇರಿಸಿ ಒಳಗಿನ ವಿಸ್ತೀರ್ಣ ತೆಗೀಬೇಕು ಅಂದ್ಲು ಮಗಳು. ಅವಳ ತಮ್ಮ ಬೇಕಂತಲೇ ಐದೂ ಗೋಲಿಯನ್ನ ಗೋಡೆಯ ಈ ತುದಿಯಿಂದ ಆ ತುದಿಗೆ ಒಂದೇ ಸಾಲಲ್ಲಿಟ್ಟು, ‘ನನ್ನ ವಿಸ್ತೀರ್ಣ ಸೊನ್ನೆ, ನಾನೇ ಗೆದ್ದೆ!’ ಅಂದ. ಎಂಥಾ ಕಿಲಾಡಿ! ಹಾಗಾದ್ರೆ ತೀರಾ ದೂರ ಇರೋ ಎರಡು ಗೋಲಿಯ ನಡುವಿನ ಅಂತರ ಅಳೆಯೋಣ ಅಂತ ಇವಳು. ನಾಲ್ಕು ಗೋಲಿ ಮುದ್ದೆಯಾಗಿ ಬಿದ್ದು ಒಂದೇ ಒಂದು ಹಾರಿ ಹೋದ್ರೆ, ಆ ಒಂದಕ್ಕಾಗಿ ಎಲ್ಲದಕ್ಕೂ ಶಿಕ್ಷೆಯಾ ಅಂತ ಅವನು. ಎಲ್ಲ ಗೋಲಿ ಒಳಗೆ ಬರೋ ಹಾಗೆ ಅತಿ ಚಿಕ್ಕ ವೃತ್ತ ಬರೆಯೋಣ ಅಂದ್ರೂ ಅದೇ ತಕರಾರು.

ಕೊನೆಗೆ ಪ್ರತಿ ಎರಡು ಗೋಲಿಯ ನಡುವಿನ ದೂರ ಅಳೆದು ಎಲ್ಲಾ ಕೂಡಿಸೋದು ಅಂತ ರಾಜಿ ಆಯ್ತು. ಐದು ಗೋಲಿಗೆ ಎಷ್ಟು ಜೋಡಿ ಅಂತ ಎಣಿಸೋಕೆ ಕೂತ್ರು. ಒಬ್ಬ ಇಪ್ಪತ್ತು ಅಂದ, ಇನ್ನೊಬ್ಬಳು ಹತ್ತು ಅಂದ್ಲು. ಅಷ್ಟು ಹೊತ್ತಿಗೆ ನೀವು ಊಟಕ್ಕೆ ಕರೆದ್ರಿ.